ಬ್ಯಾಟೂ ಇರಲಿ, ಬಾಲೂ ಇರಲಿ

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಮಕ್ಕಳನ್ನು ಕ್ರಿಕೆಟ್ ಆಯ್ಕೆಗೆ ಕರೆದುಕೊಂಡು ಹೋಗುವ ತಂದೆ-ತಾಯಿಗಳಿಗೆ, ಪಿ.ಟಿ. ಮಾಸ್ತರರಿಗೆ ಒಂದು ಮಾತು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಹುಡುಗನಿಗೆ ಬ್ಯಾಟಿಂಗ್, ಬೌಲಿಂಗ್ ಎರಡೂ ಬರುತ್ತಿದ್ದರೆ, ಯಾರು ಎಷ್ಟೇ ಒತ್ತಾಯ ಮಾಡಲಿ, ಒಂದನ್ನು ಬಿಡಿಸಬೇಡಿ. ಬಗದಲ್‌ನ ನಮ್ಮ ಹುಡುಗನಿಗೆ ಆದದ್ದು ಇನ್ನೊಬ್ಬರ ಮಗನಿಗೆ ಆಗಬಾರದು.

ಅವನು ನನ್ನ ಅಣ್ಣನ ಮಗ. ಎಡಗೈ ಸ್ಪಿನ್ ಹಾಕುತ್ತಾನೆ, ಆರನೆಯವನಾಗಿ ಬ್ಯಾಟಿಂಗ್‌ಗೆ ಇಳಿದು ಆಟ ಹಿಡಿದು ನಿಲ್ಲಿಸುತ್ತಾನೆ. ಅವನಿಗೆ ನಾನು ಚಿಕ್ಕಂದಿನಿಂದ ಹೇಳುತ್ತ ಬಂದಿರುವುದು ಒಬ್ಬರ ಹೆಸರು: ಗದಗಿನ ಸುನಿಲ್ ಜೋಶಿ. ನಸುಕಿನಲ್ಲಿ ಎದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಪ್ರ್ಯಾಕ್ಟೀಸ್ ಮುಗಿಸಿ, ತಿರುಗಿ ಊರಿಗೆ ಬಂದು ಶಾಲೆಗೆ ಹೋಗುತ್ತಿದ್ದವರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಹೊಡೆದು 50ಕ್ಕೂ ಹೆಚ್ಚು ವಿಕೆಟ್ ತೆಗೆದರು. ಆ ವರ್ಷ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು, ಮುಂದಿನ ಜೂನ್‌ನಲ್ಲಿ ಜೋಶಿ ಎಜ್‌ಬಾಸ್ಟನ್‌ನಲ್ಲಿ ಭಾರತದ ಪರ ಟೆಸ್ಟ್ ಆಡಿದರು.

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ 10 ಓವರ್ ಹಾಕಿ, ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತದ್ದು ಎಲ್ಲರಿಗೂ ನೆನಪಿದೆ. ನಾನು ಹುಡುಗರಿಗೆ ಹೇಳುವುದು ಮರುವರ್ಷದ ಢಾಕಾ ಆಟವನ್ನು. 2000ದ ನವೆಂಬರ್, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಅವರು 400 ಹೊಡೆದಿದ್ದರು. ಜೋಶಿ ಐದು ವಿಕೆಟ್ ತೆಗೆದರು, ಆಮೇಲೆ ಬ್ಯಾಟ್ ಹಿಡಿದು 92 ಹೊಡೆದರು. ಭಾರತಕ್ಕೆ ಸಿಕ್ಕ ಮುನ್ನಡೆ 29 ರನ್ ಮಾತ್ರ. ಆ 92 ಇಲ್ಲದಿದ್ದರೆ ಎಲ್ಲಿತ್ತು ಮುನ್ನಡೆ? ಎರಡನೇ ಇನಿಂಗ್ಸ್‌ನಲ್ಲಿ ಇನ್ನೂ ಮೂರು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ಇಂಥವರಿಗೆ ಎಳೆ ವಯಸ್ಸಿನಲ್ಲೇ ಯಾರಾದರೂ ‘ಬ್ಯಾಟ್ ಕೆಳಗಿಡು’ ಎಂದಿದ್ದರೆ?

ನಮ್ಮ ಹುಡುಗನಿಗೆ ಹಾಗೆಂದರು. ಊರು ಯಾವುದು, ಆಯ್ಕೆ ಯಾರದು ಎಂದು ಬರೆಯುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಕೂತು ಬೆಳಗ್ಗೆ ಇಳಿದೆವು. ಗ್ರೌಂಡ್ ತುಂಬ ಕಿಟ್ ಬ್ಯಾಗುಗಳು, ಕಾರಿನಲ್ಲಿ ಬಂದ ಹುಡುಗರು. ಮೇಜಿನ ಹಿಂದೆ ಕೂತ ಅಧಿಕಾರಿ ಫಾರ್ಮ್ ನೋಡಿ, ತಲೆ ಎತ್ತದೆ, “ಆಲ್‌ರೌಂಡರ್ ಅಂತ ಬರಿಬ್ಯಾಡ್ರಿ. ಬ್ಯಾಟಿಂಗೋ ಬೌಲಿಂಗೋ, ಒಂದೇ ಹೇಳ್ರಿ” ಅಂದ. ಎರಡೂ ಬರುತ್ತದೆ ಸಾರ್, ಎರಡೂ ನೋಡಿ ಅಂದೆ. ಅವನೇ ಪೆನ್ನು ತೆಗೆದು ‘ಆಲ್‌ರೌಂಡರ್’ ಮೇಲೆ ಗೀಟು ಎಳೆದು ‘ಬೌಲರ್’ ಎಂದು ಗೀಚಿದ. ಹುಡುಗನ ಬೆನ್ನಿಗೆ ನಂಬರ್ ಚೀಟಿ ಪಿನ್ ಮಾಡಿ ಕಳಿಸಿದರು.

ನೆಟ್ಸ್‌ನಲ್ಲಿ ಅವನ ಕೈಗೆ ಬಾಲ್ ಬಂದದ್ದು ಬಿಸಿಲು ನೆತ್ತಿಗೆ ಏರಿದ ಮೇಲೆ. ಮೊದಲ ಬಾಲ್ ಮಿಡಲ್ ಸ್ಟಂಪ್ ಮೇಲೆ ಬಿದ್ದು ತಿರುಗಿ, ಬ್ಯಾಟಿನ ಅಂಚು ದಾಟಿ ಹೋಯಿತು. ಎರಡನೆಯದಕ್ಕೆ ನೋಡಬೇಕಾದವರು ಫೋನಿನಲ್ಲಿದ್ದರು. ಓವರ್ ಮುಗಿಯುವ ಮುಂಚೆಯೇ “ನೆಕ್ಸ್ಟ್” ಎಂಬ ಕೂಗು. ಬ್ಯಾಟಿಂಗ್‌ಗೂ ಕರೆಯಬಹುದೆಂದು ಹುಡುಗ ಪ್ಯಾಡ್ ಕಟ್ಟಿಕೊಂಡು, ಗ್ಲೌಸ್ ಹಾಕಿಕೊಂಡು ಬೇಲಿ ಪಕ್ಕ ಕೂತ. ನೀರು ಕುಡಿಯಲೂ ಏಳಲಿಲ್ಲ, ಹೆಸರು ಕರೆದಾಗ ಕೇಳಿಸದೆ ಹೋದೀತೆಂದು. ನೆಟ್ ಬಿಚ್ಚುವ ಹೊತ್ತಾಯಿತು. ನಾನು ಮೇಜಿನ ಹತ್ತಿರ ಹೋಗಿ ಕೇಳಿದರೆ, “ಬೌಲರ್ ಅಂತ ಬರ್ದದ ಅಲ್ರೀ” ಅಂದ ಅದೇ ಮನುಷ್ಯ. ಬರೆದವನು ಅವನೇ! ಹಾಳೆ ಮುಂದೆ ಹಿಡಿದು ಗಟ್ಟಿಯಾಗಿ ಕೇಳಿದೆ, ನಾಲ್ಕು ಜನ ಬಂದು ನನ್ನನ್ನು ಸರಿಸಿದರು. ಹುಡುಗ ಒಂದೊಂದೇ ಪಟ್ಟಿ ಬಿಚ್ಚಿ ಪ್ಯಾಡ್ ತೆಗೆದು, “ನಡೀರಿ ಕಾಕಾ, ಬಸ್ ಹೋಗ್ತದ” ಅಂದ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಊರಿಗೆ ಬಂದರೆ ಹುಡುಗನ ಸೋದರಮಾವ ತಯಾರಾಗಿ ಕೂತಿದ್ದ. “ಬೌಲಿಂಗ್ ಒಂದೇ ಮಾಡ್ಸಿದ್ರ ಆಗ್ತಿತ್ತು, ಎರಡು ದೋಣಿ ಮ್ಯಾಲ ಕಾಲಿಟ್ರ ಹಿಂಗೇ” ಅಂದ. ಮನೆಯವರೂ ತಲೆಯಾಡಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಯಾಕೆಂದರೆ ಎರಡೂ ಕಲಿತವನಿಗೆ ಆಟ ಮುಗಿದ ಮೇಲೂ ಕೆಲಸ ಇರುತ್ತದೆ. ಜೋಶಿ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು, ಪ್ರಥಮ ದರ್ಜೆಯಲ್ಲಿ 600 ವಿಕೆಟ್ ದಾಟಿದರು, 5000 ರನ್ನೂ ದಾಟಿದರು. ಅನಂತರ ಕೋಚ್ ಆಗಿ ಹೋದದ್ದು ಜಮ್ಮು-ಕಾಶ್ಮೀರದಂಥ ತಂಡಕ್ಕೆ. 2014ರ ಡಿಸೆಂಬರ್‌ನಲ್ಲಿ ಆ ತಂಡ ವಾಂಖೆಡೆಯಲ್ಲೇ ಮುಂಬೈಯನ್ನು ಸೋಲಿಸಿತು. ನಾಯಕ ಪರ್ವೇಜ್ ರಸೂಲ್ ಕೂಡ ಸ್ಪಿನ್ ಹಾಕುವ ಆಲ್‌ರೌಂಡರ್. 2017ರಲ್ಲಿ ಬಾಂಗ್ಲಾದೇಶ ಜೋಶಿಯವರನ್ನು ಸ್ಪಿನ್ ಕೋಚ್ ಮಾಡಿಕೊಂಡಿತು. 2020ರಲ್ಲಿ ಅವರು ಭಾರತದ ಆಯ್ಕೆ ಸಮಿತಿಗೇ ಅಧ್ಯಕ್ಷರಾದರು. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದ ನಮ್ಮ ರೋಜರ್ ಬಿನ್ನಿಯವರೂ ಆಲ್‌ರೌಂಡರೇ. 2000ದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡದ ಕೋಚ್ ಅವರೇ.

ಇನ್ನು ನಿಮಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಫಾರ್ಮ್ ನೀವೇ ತುಂಬಿ, ಫೋಟೊ ಹೊಡೆದಿಟ್ಟುಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ತಾರೀಖು ಒಂದೇ ಇದೆಯೇ ಎಂದು ಮೊದಲೇ ನೋಡಿ. ಟೆನಿಸ್ ಬಾಲ್ ಟೂರ್ನಮೆಂಟ್ ಆಡಿಸಿ ಸಾಕೆನ್ನಬೇಡಿ, ಲೆದರ್ ಬಾಲ್ ಕೈಗೆ ಕೊಡಿ. ನಮ್ಮ ಮ್ಯಾಟಿನ ಮೇಲೆ ಎದೆಮಟ್ಟಕ್ಕೆ ಏಳುವ ಬಾಲ್ ಟರ್ಫ್ ಮೇಲೆ ಮೊಣಕಾಲಿಗೆ ಬರುತ್ತದೆ; ಆಯ್ಕೆಗೆ ಮುಂಚೆ ಒಂದೆರಡು ಸಲವಾದರೂ ಟರ್ಫ್ ಮೇಲೆ ಆಡಿಸಿ.

ನಮ್ಮ ಹುಡುಗ ಈಗಲೂ ಸಂಜೆ ಮೊದಲು ಬೌಲಿಂಗ್, ಆಮೇಲೆ ಬ್ಯಾಟಿಂಗ್ ಮಾಡುತ್ತಾನೆ. ಮುಂದಿನ ಆಯ್ಕೆಗೂ ಆಲ್‌ರೌಂಡರ್ ಎಂದೇ ಹೋಗುತ್ತಾನೆ. ಯಾರಾದರೂ ಗೀಟು ಎಳೆಯಲು ಬಂದರೆ ಅದರ ಮೇಲೆ ಅವರ ಸಹಿ ಕೇಳುತ್ತೇನೆ. ನೀವೂ ಕೇಳಿ.