ತಪ್ಪಿದ ಪಾಠ ತುಂಬಿಕೊಳ್ಳುವುದು ಹೇಗೆ?

2025ರ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಕೆಲಸದಲ್ಲಿದ್ದ ಕಾರಣ ಸರ್ಕಾರಿ, ಅನುದಾನಿತ ಶಾಲೆಗಳ ರಜೆ 18ರವರೆಗೆ ವಿಸ್ತರಣೆಯಾಯಿತು. ತಪ್ಪಿದ ಪಾಠವನ್ನು ವಿಶೇಷ ತರಗತಿಗಳಲ್ಲಿ ಸರಿದೂಗಿಸಬೇಕಾಯಿತು. ಮಳೆ, ಚುನಾವಣೆಯಿಂದಲೂ ಇಂಥ ಪ್ರಸಂಗ ಬರುತ್ತದೆ. ಆಗ ವಿಜಯಪುರ, ತಿಕೋಟಾ, ಬಬಲೇಶ್ವರದ ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು ಏನು ಮಾಡಬೇಕು?

1. ಕಾಯ್ದೆಯ ಅಳತೆ ತಿಳಿಯಿರಿ: 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವರ್ಷಕ್ಕೆ 1ರಿಂದ 5ನೇ ತರಗತಿಗೆ ಕನಿಷ್ಠ 200 ದಿನ, 800 ಗಂಟೆ, 6ರಿಂದ 8ಕ್ಕೆ 220 ದಿನ, 1000 ಗಂಟೆ ಬೋಧನೆ ನಡೆಯಬೇಕು. ದಿನ ತುಂಬಿದರಷ್ಟೇ ಸಾಲದು, ಗಂಟೆಯೂ ತುಂಬಬೇಕು.

2. ಪಿರಿಯಡ್ ಎಣಿಸಿ: ಉದಾಹರಣೆಗೆ, 2025ರಲ್ಲಿ ಅಕ್ಟೋಬರ್ 8ರಿಂದ 18ರವರೆಗೆ ತಪ್ಪಿದ್ದು ಎಂಟು ಪೂರ್ಣ ದಿನ, ಎರಡು ಶನಿವಾರ. ದಿನಕ್ಕೆ 8, ಶನಿವಾರ 5ರಂತೆ ಒಟ್ಟು 74 ಪಿರಿಯಡ್. 40 ನಿಮಿಷಕ್ಕೊಂದರಂತೆ ಸುಮಾರು 49 ಗಂಟೆ.

3. ವಾರಗಳಿಗೆ ಹಂಚಿ: ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಹೆಚ್ಚುವರಿ ಪಿರಿಯಡ್ ಇಟ್ಟರೆ 15 ವಾರ ಬೇಕು. ಶನಿವಾರವೂ ಮೂರು ಸೇರಿಸಿದರೆ 10 ವಾರ ಸಾಕು. ದೀಪಾವಳಿ ಮುಗಿಸಿ ಶುರು ಮಾಡಿದರೂ ಸಂಕ್ರಾಂತಿ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಮೊದಲೇ ಲೆಕ್ಕ ಚುಕ್ತಾ. ಪರೀಕ್ಷೆಯ ಹೊತ್ತಿಗೆ ಮಕ್ಕಳ ಮೇಲೆ ಭಾರ ಬೀಳದು.

4. ಬಸ್, ಬಿಸಿಯೂಟ ವಿಚಾರಿಸಿ: ಸಂಜೆ ವಿಜಯಪುರದ ಗಾಂಧಿ ಚೌಕದಲ್ಲಿ ಬ್ಯಾಗ್ ಹೊತ್ತು ಊರಿನ ಬಸ್ಸಿಗೆ ಕಾಯುವ ಮಕ್ಕಳಿಗೆ 40 ನಿಮಿಷ ತಡವಾದರೆ ಬಸ್ಸೇ ತಪ್ಪಬಹುದು. ಅಂಥಲ್ಲಿ ಬೆಳಿಗ್ಗೆಯೇ ಬೇಗ ಆರಂಭಿಸಿ. ಶನಿವಾರದ ಅವಧಿ ಹೆಚ್ಚಿಸುವುದನ್ನು ಅಡುಗೆಯವರಿಗೆ ಮೊದಲೇ ತಿಳಿಸಿ.

5. ಗುಳೆ ಹೋಗುವ ಮಕ್ಕಳನ್ನು ಮರೆಯಬೇಡಿ: ಕಬ್ಬು ಕಡಿಯುವ ಹಂಗಾಮಿನಲ್ಲಿ ತಾಂಡಾಗಳ ಮಕ್ಕಳು ತಂದೆ, ತಾಯಿಯ ಜೊತೆ ಊರು ಬಿಡುತ್ತಾರೆ. ಓದು, ಬರಹ, ಲೆಕ್ಕದ ಮೂಲ ಪಾಠಗಳನ್ನು ಅವರಿರುವಾಗಲೇ ಮುಗಿಸಿ.

6. ಬರೆದಿಡಿ: ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಹೊಸ ವೇಳಾಪಟ್ಟಿಯ ಪ್ರತಿಯನ್ನು ಬಿಇಒ ಕಚೇರಿಗೆ ಕಳಿಸಿ. ರಜೆಯ ದಿನವನ್ನೇ ಬದಲಿಸುವುದಿದ್ದರೆ ಇಲಾಖೆಯ ಅನುಮತಿ ಪಡೆದೇ ಮುಂದುವರಿಯಿರಿ.

ಕೊನೆಯದಾಗಿ, ಶಾಲೆಯ ಬೋರ್ಡಿನ ಮೇಲೆ ‘ಬಾಕಿ 74’ ಎಂಬಂತೆ ತಪ್ಪಿದ ಪಿರಿಯಡ್‌ಗಳ ಲೆಕ್ಕ ಬರೆಯಿರಿ. ನಡೆದ ಪಿರಿಯಡ್‌ಗಳನ್ನು ಪ್ರತಿ ಶನಿವಾರ ಕಳೆಯುತ್ತ ಹೋಗಿ. ಪಾಲಕರೇ, ಆ ಅಂಕಿ ಸೊನ್ನೆಗೆ ಇಳಿಯುವವರೆಗೂ ಶಾಲೆಗೆ ಹೋಗಿ ನೋಡುತ್ತಿರಿ. ಅದು ನಿಮ್ಮ ಮಕ್ಕಳಿಗೆ ಸಲ್ಲಬೇಕಾದ ಪಾಠ.