ಡಬ್ಬಿಯ ಮೇಲಿನ ಇಂಗ್ಲೀಷು: 'ಇಂಗ್' ಮತ್ತು 'ಎಡ್' ಮಾತುಗಳನ್ನು ಓದುವ ಬಗೆ



ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ, ಬೀಜದ ಚೀಲ, ಬ್ಯಾಂಕಿನ ಕಾಗದ, ವಿಮೆಯ ಅರ್ಜಿ, ಇವುಗಳಲ್ಲೆಲ್ಲ ಇಂಗ್ಲೀಷು ಕಾಣುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಔಷಧಿಯ ಲೇಬಲನ್ನು ಹಿಂದಿ, ಇಂಗ್ಲೀಷ್ ಮತ್ತು ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಅಚ್ಚು ಮಾಡತಕ್ಕದ್ದು. ಆದರೆ ಬೇರೆ ರಾಜ್ಯಕ್ಕೆಂದು ಅಚ್ಚಾದ ಡಬ್ಬಿ ನಮ್ಮ ಕೈಗೆ ಬಂದರೆ ಅದರಲ್ಲಿ ಕನ್ನಡ ಇರಲಿಕ್ಕಿಲ್ಲ. ಆಗ ಇಂಗ್ಲೀಷನ್ನೇ ಓದಬೇಕಾಗುವುದು. ಶಾಲೆಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪಾಠವನ್ನು ಓದಿರಿ. ಇಲ್ಲಿಯ ವಾಕ್ಯಗಳನ್ನು ಪಾಠಕ್ಕಾಗಿ ರಚಿಸಿದೆ. ಡಬ್ಬಿಯ ಮೇಲೆ ಪದಗಳು ಬೇರೆ ಇರಬಹುದು, ವಾಕ್ಯದ ಕಟ್ಟು ಇದೇ.

ಇದು ನಮಗೆ ಹೊಸದಲ್ಲ

"ಎತ್ತಿಗೆ ನೀರು ಕುಡಿಸಿ, ಮೇವು ಹಾಕಿ, ಹೊಲಕ್ಕೆ ಹೋದೆ" ಎನ್ನುತ್ತೇವೆ. ಇಲ್ಲಿ ಕೆಲಸ ಮೂರು. ಆದರೆ ವಾಕ್ಯವನ್ನು ಮುಗಿಸುವ ಕ್ರಿಯಾಪದ 'ಹೋದೆ' ಒಂದೇ. 'ಕುಡಿಸಿ', 'ಹಾಕಿ' ಎಂಬವು ಅದಕ್ಕೆ ಆಸರೆಯಾಗಿ ನಿಂತ ಮಾತುಗಳು. 'ಬಿತ್ತಿದ ಬೀಜ', 'ಹಾಲು ಕೊಡುವ ಹಸು' ಎಂಬಲ್ಲಿ 'ಬಿತ್ತಿದ', 'ಕೊಡುವ' ಎಂಬವು ಬೀಜ ಎಂಥದು, ಹಸು ಎಂಥದು ಎಂದು ವಿವರಿಸುತ್ತವೆ. ಇಂಥ ಮಾತುಗಳಿಗೆ ನಮ್ಮ ವ್ಯಾಕರಣದಲ್ಲಿ ಕೃದಂತ ಎಂದು ಹೆಸರು. ಇಂಗ್ಲೀಷಿನಲ್ಲಿ ಈ ಕೆಲಸ ಮಾಡುವ ಮಾತಿಗೆ ಪಾರ್ಟಿಸಿಪಲ್ ಎನ್ನುತ್ತಾರೆ. ಅದರ ಕೊನೆಯಲ್ಲಿ ಸಾಮಾನ್ಯವಾಗಿ 'ಇಂಗ್' ಅಥವಾ 'ಎಡ್' ಇರುತ್ತದೆ.

ವ್ಯತ್ಯಾಸ ಇರುವುದು ಸ್ಥಾನದಲ್ಲಿ

ಕನ್ನಡದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುತ್ತದೆ. ಹೇಗೆ, ಯಾವಾಗ, ಏಕೆ ಎಂಬುದೆಲ್ಲ ಮೊದಲೇ ಹೇಳಿ ಮುಗಿದಿರುತ್ತದೆ. ಇಂಗ್ಲೀಷಿನಲ್ಲಿ ಹಾಗಲ್ಲ. ಈ ಎರಡು ವಾಕ್ಯಗಳನ್ನು ನೋಡಿರಿ.

"ವೇರಿಂಗ್ ಗ್ಲೌಸ್, ಮಿಕ್ಸ್ ದಿ ಪೌಡರ್."
"ಮಿಕ್ಸ್ ದಿ ಪೌಡರ್, ವೇರಿಂಗ್ ಗ್ಲೌಸ್."

ಎರಡರ ಅರ್ಥವೂ 'ಕೈಗವಸು ಹಾಕಿಕೊಂಡು ಪುಡಿಯನ್ನು ಕಲಸಿರಿ' ಎಂದೇ. ಮೊದಲನೆಯದರಲ್ಲಿ ಕೈಗವಸಿನ ಮಾತು ಮುಂದೆ ನಿಂತಿದೆ, ಆದ್ದರಿಂದ ಅದಕ್ಕೆ ಒತ್ತು ಹೆಚ್ಚು. ಎರಡನೆಯದರಲ್ಲಿ 'ಕಲಸಿರಿ' ಎಂಬ ಆಜ್ಞೆ ಮೊದಲು ಬಂದಿದೆ, ಎಚ್ಚರಿಕೆ ಹಿಂದೆ ಉಳಿದಿದೆ. ಅರ್ಧ ಓದಿ ನಿಲ್ಲಿಸಿದವನು ಬರಿಗೈಯಿಂದ ವಿಷ ಕಲಸಿರುತ್ತಾನೆ. ಆದ್ದರಿಂದ ಮೊದಲನೆಯ ಪಾಠ: ಇಂಗ್ಲೀಷ್ ವಾಕ್ಯವನ್ನು ಪೂರ್ಣವಿರಾಮದ ಚುಕ್ಕೆಯವರೆಗೂ ಓದಿ, ಆಮೇಲೆ ಕೈ ಹಾಕಬೇಕು.

ಈ ಮಾತುಗಳು ಏನನ್ನು ತಿಳಿಸುತ್ತವೆ?

1. ಹೇಗೆ ಎಂಬುದನ್ನು: "ಸ್ಟ್ಯಾಂಡಿಂಗ್ ವಿತ್ ದಿ ವಿಂಡ್ ಬಿಹೈಂಡ್ ಯೂ, ಸ್ಪ್ರೇ ದಿ ಕ್ರಾಪ್." ಎಂದರೆ ಗಾಳಿಗೆ ಬೆನ್ನು ಮಾಡಿ ನಿಂತು ಬೆಳೆಗೆ ಔಷಧಿ ಹೊಡೆಯಿರಿ. ಎದುರು ಗಾಳಿಗೆ ನಿಂತರೆ ಔಷಧಿ ನಮ್ಮ ಮುಖಕ್ಕೇ ಬರುತ್ತದೆ.

2. ಯಾವುದು ಮೊದಲು ಎಂಬುದನ್ನು: "ಹ್ಯಾವಿಂಗ್ ಸ್ಪ್ರೇಡ್ ದಿ ಕ್ರಾಪ್, ಕೀಪ್ ಕ್ಯಾಟಲ್ ಔಟ್ ಆಫ್ ದಿ ಫೀಲ್ಡ್." ಎಂದರೆ ಔಷಧಿ ಹೊಡೆದಾದ ಮೇಲೆ ದನಗಳನ್ನು ಹೊಲಕ್ಕೆ ಬಿಡಬೇಡಿರಿ. 'ಹ್ಯಾವಿಂಗ್' ಕಂಡರೆ ಆ ಕೆಲಸ ಮೊದಲು ಮುಗಿದಿರಬೇಕೆಂದು ತಿಳಿಯಿರಿ.

3. ಏಕೆ ಎಂಬುದನ್ನು: "ಬೀಯಿಂಗ್ ಪಾಯ್ಸನಸ್, ದಿಸ್ ಲಿಕ್ವಿಡ್ ಮಸ್ಟ್ ಬಿ ಕೆಪ್ಟ್ ಅಂಡರ್ ಲಾಕ್." ಎಂದರೆ ವಿಷವಾದ್ದರಿಂದ ಈ ದ್ರವವನ್ನು ಬೀಗ ಹಾಕಿ ಇಡಬೇಕು. ನಾವು 'ಆದ್ದರಿಂದ' ಎಂದು ಬಾಯಿಬಿಟ್ಟು ಹೇಳುತ್ತೇವೆ. ಇಂಗ್ಲೀಷಿನಲ್ಲಿ ಆ ಕಾರಣ 'ಇಂಗ್' ಒಳಗೇ ಅಡಗಿರುತ್ತದೆ.

4. ಏನಾಯಿತು ಎಂಬುದನ್ನು: "ರೇನ್ ಫೆಲ್ ಅಟ್ ನೂನ್, ವಾಶಿಂಗ್ ಅವೇ ದಿ ಸ್ಪ್ರೇ." ಎಂದರೆ ಮಧ್ಯಾಹ್ನ ಮಳೆ ಬಿದ್ದು ಔಷಧಿ ತೊಳೆದುಹೋಯಿತು. ಇಲ್ಲಿ ಫಲವನ್ನು ಕೊನೆಗೆ ಹೇಳಿದೆ.

ಅಲ್ಪವಿರಾಮದ ಬೆಲೆ

1968ರ ಬೀಜ ನಿಯಮಗಳ ಪ್ರಕಾರ ಔಷಧಿ ಲೇಪಿಸಿದ ಬೀಜದ ಚೀಲದ ಮೇಲೆ, ಅದನ್ನು ಊಟಕ್ಕೆ, ಮೇವಿಗೆ, ಎಣ್ಣೆಗೆ ಬಳಸಕೂಡದೆಂಬ ಎಚ್ಚರಿಕೆ ಇರತಕ್ಕದ್ದು. 'ಟ್ರೀಟೆಡ್' ಎಂದರೆ ಔಷಧಿ ಲೇಪಿಸಿದ ಎಂದರ್ಥ. ಈಗ ಎರಡು ವಾಕ್ಯಗಳನ್ನು ಹೋಲಿಸಿರಿ.

"ದಿ ಸೀಡ್ಸ್ ಟ್ರೀಟೆಡ್ ವಿತ್ ಪಾಯ್ಸನ್ ಆರ್ ನಾಟ್ ಫಾರ್ ಫುಡ್." ಇಲ್ಲಿ ಅಲ್ಪವಿರಾಮವಿಲ್ಲ. ಬೀಜಗಳಲ್ಲಿ ವಿಷ ಲೇಪಿಸಿದವು ಮಾತ್ರ ಊಟಕ್ಕಲ್ಲ ಎಂದರ್ಥ. ಲೇಪಿಸದ ಬೀಜದ ಮಾತು ಬೇರೆ.

"ದಿ ಸೀಡ್ಸ್, ಟ್ರೀಟೆಡ್ ವಿತ್ ಪಾಯ್ಸನ್, ಆರ್ ನಾಟ್ ಫಾರ್ ಫುಡ್." ಇಲ್ಲಿ ಎರಡು ಕಡೆಯೂ ಅಲ್ಪವಿರಾಮವಿದೆ. ಈ ಬೀಜಗಳು ಯಾವುವೂ ಊಟಕ್ಕಲ್ಲ, ಇವೆಲ್ಲಕ್ಕೂ ವಿಷ ಲೇಪಿಸಿದೆ ಎಂದರ್ಥ.

ಮೊದಲನೆಯದು ಆರಿಸಿ ತೋರಿಸುತ್ತದೆ, ಎರಡನೆಯದು ಎಲ್ಲಕ್ಕೂ ಸೇರಿಸಿ ವಿವರಣೆ ಕೊಡುತ್ತದೆ. ಅಚ್ಚು ಮಾಸಿ ಅಲ್ಪವಿರಾಮ ಕಾಣದಿದ್ದರೆ ಚೀಲದಲ್ಲಿರುವುದೆಲ್ಲ ವಿಷವೆಂದೇ ಭಾವಿಸುವುದು ಕ್ಷೇಮ.

ಕೆಲಸ ಮಾಡಿದವರು ಯಾರು?

ನಾವೇ ಇಂಗ್ಲೀಷಿನಲ್ಲಿ ಅರ್ಜಿ ಬರೆಯುವಾಗ, ಅಥವಾ ಇತರರಿಂದ ಬರೆಸುವಾಗ, ಒಂದು ಸಂಗತಿಯನ್ನು ಮರೆಯಬಾರದು. ವಾಕ್ಯದ ಆರಂಭದಲ್ಲಿ 'ಇಂಗ್' ಮಾತು ಬಂದರೆ, ಆ ಕೆಲಸ ಮುಂದೆ ಬರುವ ಕರ್ತೃವಿಗೆ ಅಂಟಿಕೊಳ್ಳುತ್ತದೆ.

"ಹ್ಯಾವಿಂಗ್ ಡೈಡ್ ಆಫ್ ಡಿಸೀಸ್, ಐ ರಿಕ್ವೆಸ್ಟ್ ಪೇಮೆಂಟ್ ಫಾರ್ ಮೈ ಬುಲಕ್." ಬರೆದವನ ಮನಸ್ಸಿನಲ್ಲಿ ಸತ್ತದ್ದು ಎತ್ತು. ಆದರೆ ವಾಕ್ಯದ ಪ್ರಕಾರ ಅರ್ಜಿದಾರನೇ ರೋಗದಿಂದ ಸತ್ತು, ಆಮೇಲೆ ಹಣ ಕೇಳುತ್ತಿದ್ದಾನೆ! ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಂತಾಯಿತು. ಸತ್ತದ್ದು ಯಾವುದೆಂದು ಹೆಸರಿಟ್ಟು ಹೇಳಿದರೆ ಸರಿಹೋಗುತ್ತದೆ: "ಮೈ ಬುಲಕ್ ಹ್ಯಾವಿಂಗ್ ಡೈಡ್ ಆಫ್ ಡಿಸೀಸ್, ಐ ರಿಕ್ವೆಸ್ಟ್ ಪೇಮೆಂಟ್." ಎಂದರೆ ನನ್ನ ಎತ್ತು ರೋಗದಿಂದ ಸತ್ತದ್ದರಿಂದ ಹಣ ಕೋರುತ್ತೇನೆ. ಅರ್ಜಿಯನ್ನು ಓದುವ ಅಧಿಕಾರಿ ನಮ್ಮ ಮನಸ್ಸನ್ನು ಓದಲಾರರು, ಕಾಗದವನ್ನು ಮಾತ್ರ ಓದುತ್ತಾರೆ.

ನೆನಪಿಡತಕ್ಕ ನಾಲ್ಕು ಮಾತುಗಳು

ಮೊದಲು, ಚುಕ್ಕೆಯವರೆಗೂ ಓದಿರಿ. ಎರಡನೆಯದಾಗಿ, ವಾಕ್ಯದ ಮುಖ್ಯ ಕ್ರಿಯಾಪದ ಯಾವುದೆಂದು ಗುರುತಿಸಿರಿ. ಮೂರನೆಯದಾಗಿ, 'ಇಂಗ್' ಅಥವಾ 'ಎಡ್' ಮಾತು ಯಾರಿಗೆ ಸೇರಿದ್ದೆಂದು ಕೇಳಿಕೊಳ್ಳಿರಿ. ನಾಲ್ಕನೆಯದಾಗಿ, ಅದು ಹೇಗೆ, ಯಾವಾಗ, ಏಕೆ, ಎಂಥದು ಎಂಬ ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಕೊಡುತ್ತದೆಂದು ನೋಡಿರಿ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಎಲ್ಲಕ್ಕಿಂತ ಉಗ್ರ, ಅನಂತರ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ. ಆದರೆ ಹೇಗೆ ಎಚ್ಚರ ವಹಿಸಬೇಕೆಂಬುದನ್ನು ಬಣ್ಣ ಹೇಳಲಾರದು, ವಾಕ್ಯವೇ ಹೇಳಬೇಕು. ವಾಕ್ಯ ತಿಳಿಯದಿದ್ದರೆ ಮುಚ್ಚಳ ತೆಗೆಯುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಅಭ್ಯಾಸ

1. "ವಾಕಿಂಗ್ ಇನ್ ದಿ ಫೀಲ್ಡ್, ಎ ಸ್ನೇಕ್ ಬಿಟ್ ಹಿಮ್." ಇಲ್ಲಿ ನಡೆಯುತ್ತಿದ್ದವರು ಯಾರು?
2. "ಹ್ಯಾವಿಂಗ್ ರೆಡ್ ದಿ ಲೇಬಲ್, ಓಪನ್ ದಿ ಟಿನ್." ಯಾವ ಕೆಲಸ ಮೊದಲು?

ಉತ್ತರ: 1. ವಾಕ್ಯದ ಪ್ರಕಾರ ಹಾವು! "ವಾಕಿಂಗ್ ಇನ್ ದಿ ಫೀಲ್ಡ್, ಹಿ ವಾಸ್ ಬಿಟನ್ ಬೈ ಎ ಸ್ನೇಕ್" ಎಂದರೆ ಸರಿ. 2. ಲೇಬಲ್ ಓದುವುದು ಮೊದಲು, ಡಬ್ಬಿ ತೆರೆಯುವುದು ಆಮೇಲೆ.