ಗ್ರೌಂಡ್ ಮೇಲೆ ಹಾರೋ ಹೆಲಿಕಾಪ್ಟರ್ ಹುಳ ಯಾವುದು?

ಮಳೆ ಸ್ವಲ್ಪ ಬಿಡುವು ಕೊಟ್ಟ ಸಂಜೆ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಕಡೆಗೋ ನಮ್ಮ ಗ್ರೌಂಡಿಗೋ ಹೋಗಿ ತಲೆ ಎತ್ತಿ ನೋಡ್ರಿ. ಹೆಲಿಕಾಪ್ಟರ್ ಹುಳಗಳು ಗುಂಪಾಗಿ ತೇಲ್ತಿರ್ತಾವ. ಅವುಗಳಲ್ಲಿ ಹೆಚ್ಚಿನವು ಪಾಂಟಾಲಾ ಫ್ಲಾವೆಸೆನ್ಸ್, ಅಂದರೆ ವಾಂಡರಿಂಗ್ ಗ್ಲೈಡರ್. 1798ರಲ್ಲಿ ಫ್ಯಾಬ್ರಿಷಿಯಸ್ ಹೆಸರಿಟ್ಟ ಕೀಟ ಇದು. ಹೆಚ್ಚಿನವು ಅಂದೆ, ಎಲ್ಲವೂ ಅಲ್ಲ.

ಬಣ್ಣ ನಂಬಬೇಡ್ರಿ. ಕ್ರೋಕೋಥೆಮಿಸ್ ಸರ್ವೀಲಿಯಾದ ಗಂಡು ಎಳೆಯದಿದ್ದಾಗ ಹಳದಿ, ಬಲಿತ ಮೇಲೆ ಬ್ಯಾಡಗಿ ಮೆಣಸಿನಕಾಯಿಯಂಥ ಕೆಂಪು! ಬಣ್ಣಕ್ಕಿಂತ ಕೂರುವ ರೀತಿ ನೋಡೋದು ವಾಸಿ. ಪಾಂಟಾಲಾ ಬಹಳ ಹೊತ್ತು ಕೂರದೆ ಹಾರುತ್ತದೆ, ಕೂತರೂ ಕಡ್ಡಿಗೆ ಜೋತುಬಿದ್ದು ಬಾಲ ಕೆಳಗೆ ಮಾಡಿರುತ್ತದೆ. ಹುಲ್ಲಿನ ತುದಿಯಲ್ಲಿ ಅಡ್ಡಡ್ಡ ಕೂತು, ಎದ್ದು ಹೋಗಿ ಮತ್ತೆ ಅದೇ ತುದಿಗೆ ಬರುವ ಹಳದಿ ಹುಳದ ಬೆನ್ನಿನುದ್ದಕ್ಕೂ ಕಪ್ಪು ಗೆರೆ ಇದ್ದರೆ, ಅದು ಕ್ರೋಕೋಥೆಮಿಸ್ ಹೆಣ್ಣೋ ಎಳೆ ಗಂಡೋ ಇರಬಹುದು.

ನಿಜವಾದ ತಲೆನೋವು ಟ್ರೇಮಿಯಾ. ಇದು ಪಾಂಟಾಲಾದ ಗುಂಪಿನಲ್ಲೇ ಸೇರಿ ಹಾರುತ್ತದೆ, ಗಾತ್ರವೂ ಸರಿಸುಮಾರು ಅಷ್ಟೇ. ಹಿಂದಿನ ರೆಕ್ಕೆ ಮೈಗೆ ಸೇರುವ ಜಾಗ ನೋಡ್ರಿ. ಟ್ರೇಮಿಯಾಗೆ ಅಲ್ಲಿ ಕಡು ಕೆಂಗಂದು ಪಟ್ಟೆ ಇರುತ್ತದೆ, ಕೆಳಗೆ ನಿಂತವರಿಗೂ ಕಾಣುತ್ತದೆ. ಪಾಂಟಾಲಾಗೆ ಹೆಚ್ಚೆಂದರೆ ತೆಳು ಹಳದಿ ಛಾಯೆ.

ಕೋಟೆ ಕೆರೆಯಂಥ ನಿಂತ ನೀರಿನ ಅಂಚಿಗೆ, ಗಟಾರದ ಮೇಲೆ, ಕೆಳಗೇ ಹಾರುವ ಕಿತ್ತಳೆ ರೆಕ್ಕೆಯದು ಬ್ರ್ಯಾಕಿಥೆಮಿಸ್ ಗಂಡು. ಖಾನಾಪುರದ ಕಾಡಿನ ಹಳ್ಳಗಳಲ್ಲಿ ರೆಕ್ಕೆ ಮಡಚಿ ಕೂರುವ, ಲೋಹದಂಥ ಹಸಿರು ಹೊಳಪಿನ ನ್ಯೂರೋಬೇಸಿಸ್ ಡ್ಯಾಮ್‌ಸೆಲ್‌ಫ್ಲೈ. ಅದರ ಗೊಂದಲವೇ ಇಲ್ಲ.

ಮೆಕ್ಯಾನಿಕಲ್‌ನವರಿಗೆ ಒಂದು ಮಾತು: ರೆಕ್ಕೆಯ ತುದಿ ಹತ್ತಿರದ ಬಣ್ಣದ ಚುಕ್ಕೆ, ಟೆರೋಸ್ಟಿಗ್ಮಾ, ಬರೀ ಅಲಂಕಾರ ಅಲ್ಲ. ಆ ಪುಟ್ಟ ತೂಕ ರೆಕ್ಕೆಯ ಫ್ಲಟರ್ ತಡೆಯುತ್ತದೆ.

ಇಷ್ಟೆಲ್ಲ ಯಾಕಂತೀರಾ? ಮಾಲ್ಡೀವ್ಸ್‌ನಲ್ಲಿ ಮೇಲ್ಮೈ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ, ಆದರೂ ಪ್ರತಿ ಅಕ್ಟೋಬರ್ ಹೊತ್ತಿಗೆ ಅಲ್ಲಿ ಪಾಂಟಾಲಾಗಳ ದಂಡು ಇಳಿಯುತ್ತದೆ. ಅವು ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗ್ತಾವ ಅಂತ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದಿಸಿದರು. ಆ ವಾದಕ್ಕೆ ಆಧಾರ, ಯಾವ ಊರಲ್ಲಿ ಯಾವ ದಿನ ಯಾವ ಹುಳ ಕಂಡಿತು ಅನ್ನೋ ದಾಖಲೆ. ನಾವು ಐನ್ಯಾಚುರಲಿಸ್ಟ್‌ಗೆ ಹಾಕುವ ಫೋಟೋ ಸಹ ಅಂಥದೇ ದಾಖಲೆ. ಆ್ಯಪ್ ಸೂಚಿಸಿದ ಮೊದಲ ಹೆಸರನ್ನೇ ಒತ್ತಿ ಟ್ರೇಮಿಯಾವನ್ನು ಪಾಂಟಾಲಾ ಮಾಡಿದರೆ, ಬೆಳಗಾವಿಯ ತಾರೀಖೇ ಸುಳ್ಳಾಗುತ್ತದೆ.

ಆಕಾಶದ ಎದುರು ಕೆಳಗಿನಿಂದ ಮೂರ್ನಾಲ್ಕು ಶಾಟ್ ತೆಗೀರಿ, ಹಿಂದಿನ ರೆಕ್ಕೆಯ ಬುಡ ಕಾಣಲಿ. ಕಾಣದಿದ್ದರೆ ಲಿಬೆಲುಲಿಡೇ ಕುಟುಂಬ ಅಂತಷ್ಟೇ ಬರೆದು ಬಿಡ್ರಿ.